ಹಿತ್ತಿಲು ಅಂಗಳ: ತಂಬುಳಿ ಸೊಪ್ಪು, ಮಳೆ ನೀರು, ಉಪ್ಪು ಗಾಳಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವುಗಳಲ್ಲಿ ಒಂದೇ ದೂರು. ಗಿಡ ಬದುಕುತ್ತಿಲ್ಲ. ಗೊಬ್ಬರ ಹಾಕಿದೆವು, ಔಷಧಿ ಹೊಡೆದೆವು, ಆದರೂ ಕೊಳೆತು ಹೋಯಿತು ಅಂತ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನವರು ಮಾಡಿದ ವಿಡಿಯೋ ನೋಡಿ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕುಂಡ ಇಟ್ಟರೆ ತೊಂದರೆ ಆಗಿಯೇ ಆಗುತ್ತದೆ. ಅಲ್ಲಿ ವರ್ಷವಿಡೀ ಸೇರಿದರೂ ಸುಮಾರು 1000 ಮಿಲಿಮೀಟರ್ ಮಳೆ. ಕಾರವಾರದಲ್ಲಿ ಅದು 3000ದ ಹತ್ತಿರ, ಅದರಲ್ಲೂ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಅವರು ನೀರು ಎಷ್ಟು ಹಾಕಬೇಕು ಅಂತ ಯೋಚಿಸುತ್ತಾರೆ. ನಾವು ಬಿದ್ದ ನೀರು ಎಲ್ಲಿಂದ ಹೊರಗೆ ಹೋಗಬೇಕು ಅಂತ ಯೋಚಿಸಬೇಕು. ಕೆಳಗಿನ ಅರ್ಧಕ್ಕರ್ಧ ಉತ್ತರಗಳು ಅಲ್ಲಿಗೇ ಬಂದು ನಿಲ್ಲುತ್ತವೆ, ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಕಾರವಾರದ ಕೋಡಿಬಾಗದಲ್ಲಿ ಮೂರನೇ ಮಹಡಿಯ ಮನೆ. ಬಾಲ್ಕನಿ ಸಮುದ್ರದ ಕಡೆಗೆ. ತುಳಸಿ, ಪುದಿನಾ ಯಾವುದು ಇಟ್ಟರೂ ಎಲೆಯ ಅಂಚು ಸುಟ್ಟ ಹಾಗೆ ಕಂದಾಗುತ್ತದೆ. ನೀರು ಜಾಸ್ತಿ ಹಾಕಿ ನೋಡಿದೆ, ಇನ್ನೂ ಕೆಟ್ಟಿತು. ಏನು ರೋಗ?

ಇದು ರೋಗ ಅಲ್ಲ, ಉಪ್ಪು. ಕಡಲಿನ ಗಾಳಿ ಸಣ್ಣ ಸಣ್ಣ ಉಪ್ಪಿನ ಹನಿಗಳನ್ನು ಹೊತ್ತು ತರುತ್ತದೆ, ಅವು ಎಲೆಯ ಮೇಲೆ ಒಣಗಿ ಕೂರುತ್ತವೆ. ನಿಮ್ಮ ಕಿಟಕಿಯ ಕಬ್ಬಿಣದ ಸರಳು ಎಷ್ಟು ಬೇಗ ತುಕ್ಕು ಹಿಡಿಯುತ್ತದೆ ಅಂತ ನೋಡಿದ್ದೀರಲ್ವಾ, ಅದೇ ಗಾಳಿ ಎಲೆಗೂ ತಾಗುವುದು. ಪುದಿನಾದಂಥ ತೆಳು ಎಲೆಯ ಗಿಡಗಳು ಮೊದಲು ಸೋಲುತ್ತವೆ.

ಗಾಳಿ ಜೋರಾಗಿದ್ದ ದಿನದ ಮಾರನೆ ಬೆಳಿಗ್ಗೆ ಎಲೆಗಳ ಮೇಲೆ ಸಿಹಿನೀರು ಚಿಮುಕಿಸಿ ತೊಳೆಯಿರಿ. ಸುಮ್ನೆ ಒದ್ದೆ ಮಾಡಿದರೆ ಸಾಲದು, ನೀರು ಎಲೆಯಿಂದ ಇಳಿದು ಹೋಗಬೇಕು. ಕುಂಡಗಳನ್ನು ಎರಡು ಸಾಲು ಮಾಡಿ. ಸಮುದ್ರದ ಕಡೆಗೆ ಗಟ್ಟಿಗರನ್ನು ನಿಲ್ಲಿಸಿ: ಮಜ್ಜಿಗೆ ಹುಲ್ಲು (ನಿಂಬೆ ಹುಲ್ಲು), ಲೋಳೆಸರ, ದೊಡ್ಡಪತ್ರೆ. ಅವುಗಳ ಹಿಂದೆ, ಗೋಡೆಯ ಮಗ್ಗುಲಲ್ಲಿ ತುಳಸಿ ಮತ್ತು ಪುದಿನಾ ಇರಲಿ. ಮಜ್ಜಿಗೆ ಹುಲ್ಲು ಒಂದು ವರ್ಷದಲ್ಲಿ ಸೊಂಟದೆತ್ತರ ಬೆಳೆದು ಒಳ್ಳೆ ಬೇಲಿಯಾಗುತ್ತದೆ, ಮಜ್ಜಿಗೆಗೂ ಕಷಾಯಕ್ಕೂ ಎಲೆ ಸಿಗುತ್ತದೆ.

ಇನ್ನು ಮೂರು ಕಡೆಯಿಂದ ಉಪ್ಪು ನಿಮಗೆ ಗೊತ್ತಿಲ್ಲದೆ ಕುಂಡದೊಳಗೆ ಬರುತ್ತದೆ. ಒಂದು, ಕಡಲ ತೀರದ ಮರಳು. ಅದನ್ನು ಕುಂಡಕ್ಕೆ ಹಾಕಲೇಬೇಡಿ. ಎರಡು, ತೆಂಗಿನ ನಾರಿನ ಪುಡಿ. ತೊಳೆಯದೆ ಮಾರುವ ಇಟ್ಟಿಗೆಗಳಲ್ಲಿ ಉಪ್ಪು ಸಾಕಷ್ಟು ಇರುತ್ತದೆ, ಬಕೆಟ್‌ನಲ್ಲಿ ನೆನೆಸಿ ಹಿಂಡಿ, ಆ ನೀರು ಚೆಲ್ಲಿ, ಹೀಗೆ ಎರಡು ಮೂರು ಸಲ ಮಾಡಿದ ಮೇಲೆ ಬಳಸಿ. ಮೂರನೆಯದು ಬೇಸಿಗೆಯ ಬಾವಿ ನೀರು. ಏಪ್ರಿಲ್ ಬಂದರೆ ಕಾಳಿ ನದಿಯ ಅಳಿವೆ ಹತ್ತಿರದ ಬಾವಿಗಳಲ್ಲಿ ಸವುಳು ನೀರು ಬರುವುದು ಹೊಸತೇನಲ್ಲ. ಕುಂಡದ ಮಣ್ಣಿನ ಮೇಲೆ ಬಿಳಿ ಪದರ ಕಂಡರೆ ಅದೇ ಗುರುತು. ಆಗ ಒಳ್ಳೆ ನೀರನ್ನು ಕುಂಡದ ಅಡಿಯಿಂದ ಧಾರೆಯಾಗಿ ಹರಿಯುವವರೆಗೆ ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ. ನೀವು ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಹಾಕಿದಾಗ ಉಪ್ಪು ಹೊರಗೆ ಹೋಗಲಿಲ್ಲ, ಬೇರಿನ ಸುತ್ತಲೇ ಸೇರಿಕೊಂಡಿತು. ಗಿಡ ಇನ್ನೂ ಕೆಟ್ಟಿದ್ದು ಅದಕ್ಕೇ ಇರಬೇಕು.

ಪ್ರಶ್ನೆ: ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಬೇಗ ಇಳಿಯುತ್ತದೆ ಅನ್ನುತ್ತಾರೆ. ಹಾಕಿದ್ದೇನೆ. ಆದರೂ ಬೇರು ಕೊಳೆಯುತ್ತಿದೆ. (ಭಟ್ಕಳ)

ಜಲ್ಲಿಯಿಂದ ಉಪಯೋಗ ಇಲ್ಲ. ನೀರು ನಯವಾದ ಮಣ್ಣಿನಿಂದ ಒರಟು ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ, ಜಲ್ಲಿಯ ಮೇಲೆಯೇ ಒಂದು ಒದ್ದೆ ಪದರವಾಗಿ ನಿಲ್ಲುತ್ತದೆ. ಅಂದರೆ ಕೊಳೆಯುವ ಜಾಗ ಬೇರಿಗೆ ಇನ್ನೂ ಹತ್ತಿರ ಬಂತು. ತೂತಿನ ಮೇಲೆ ಒಂದು ಹಂಚಿನ ಚೂರು ಸಾಕು. ಕುಂಡದ ಮಣ್ಣನ್ನೇ ಹಗುರ ಮಾಡಿ: ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಪಾಲು ಹೊಳೆಯ ಒರಟು ಮರಳು ಅಥವಾ ಸುಟ್ಟ ಭತ್ತದ ಹೊಟ್ಟು. ಕುಂಡವನ್ನು ಎರಡು ಇಟ್ಟಿಗೆಯ ಮೇಲೆ ಎತ್ತಿಡಿ. ತಟ್ಟೆಯನ್ನು ಜೂನ್‌ನಲ್ಲಿ ತೆಗೆದು ಅಟ್ಟಕ್ಕೆ ಹಾಕಿದರೆ ಅಕ್ಟೋಬರ್‌ವರೆಗೆ ಇಳಿಸಬೇಡಿ.

ಪ್ರಶ್ನೆ: ಶಿರಸಿ ಹತ್ತಿರದ ಹಳ್ಳಿ ನಮ್ಮದು. ಬಚ್ಚಲ ಹಿಂದೆ ಒಂದೆಲಗ ಹುಲುಸಾಗಿ ಬೆಳೆಯುತ್ತಿತ್ತು. ಈಗ ಪ್ರತಿ ಬೇಸಿಗೆಗೆ ಸಾಯುತ್ತದೆ. ಪೇಟೆಯ ನರ್ಸರಿಯಲ್ಲಿ ಬ್ರಾಹ್ಮಿ ಅಂತ ಕೇಳಿದರೆ ಬೇರೆಯೇ ಗಿಡ ಕೊಟ್ಟರು. ಯಾವುದು ಸರಿ?

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಯಾಕೆಂದರೆ ಇದನ್ನು ತುಂಬಾ ಜನ ಕೇಳಿದ್ದಾರೆ. ಬ್ರಾಹ್ಮಿ ಅನ್ನುವ ಹೆಸರು ಎರಡು ಗಿಡಗಳಿಗೆ ಓಡಾಡುತ್ತಿದೆ. ನಮ್ಮ ಒಂದೆಲಗದಲ್ಲಿ ಒಂದು ತೊಟ್ಟಿಗೆ ಒಂದೇ ಎಲೆ, ನಾಣ್ಯದ ಹಾಗೆ ದುಂಡಗೆ, ಅಂಚು ಸಣ್ಣಗೆ ಕಚ್ಚಿದ ಹಾಗೆ, ನೆಲದ ಮೇಲೆ ಬಳ್ಳಿ ಓಡಿ ಗೆಣ್ಣು ಗೆಣ್ಣಿಗೆ ಬೇರು ಬಿಡುತ್ತದೆ. ಇನ್ನೊಂದು ನೀರುಬ್ರಾಹ್ಮಿ. ಅದರ ಎಲೆ ಸಣ್ಣದು, ದಪ್ಪ, ಕಾಂಡದ ಎರಡೂ ಬದಿಗೆ ಜೋಡಿ ಜೋಡಿಯಾಗಿ ಇರುತ್ತದೆ, ಹೂವು ಬಿಳಿ ಅಥವಾ ತಿಳಿ ನೀಲಿ, ರುಚಿ ಕಹಿ. ನಿಮಗೆ ನರ್ಸರಿಯವರು ಕೊಟ್ಟಿದ್ದು ಅದೇ ಇರಬೇಕು. ಅದೂ ಔಷಧಿ ಗಿಡವೇ, ಆದರೆ ನಿಮ್ಮ ಅಜ್ಜಿ ಮಾಡುತ್ತಿದ್ದ ತಂಬುಳಿಗೆ ಬೇಕಾದದ್ದು ಒಂದೆಲಗ. ಅದನ್ನು ನರ್ಸರಿಯಲ್ಲಿ ಕೊಳ್ಳುವುದೂ ಬೇಡ, ಪಕ್ಕದ ಮನೆಯವರ ಹಿತ್ತಿಲಿಂದ ಬೇರು ಬಿಟ್ಟ ಒಂದು ಗೆಣ್ಣು ಕೇಳಿ ತನ್ನಿ.

ಇನ್ನು ಬೇಸಿಗೆಯ ಸಾವು. ಹಿಂದೆ ಬಚ್ಚಲಿನ ನೀರು ಸದಾ ಹರಿಯುತ್ತಿತ್ತು, ಮೇಲೆ ಬಾಳೆಯೋ ಅಡಿಕೆಯೋ ನೆರಳು ಕೊಡುತ್ತಿತ್ತು. ಈಗ ಆ ನೀರು ಪೈಪಿನಲ್ಲಿ ಇಂಗುಗುಂಡಿಗೆ ಹೋಗುತ್ತದೆ, ಅಲ್ವಾ? ನನಗೆ ಅದರಿಂದ ಬೇಸರ ಇಲ್ಲ. ಮೊದಲು ಸೀಗೆಕಾಯಿ, ಅಂಟುವಾಳದ ನೀರು ಹೋಗುತ್ತಿತ್ತು. ಈಗಿನ ಸೋಪು, ಡಿಟರ್ಜೆಂಟ್ ನೀರಿನಲ್ಲಿ ಬೆಳೆದ ಸೊಪ್ಪನ್ನು ಹಸಿಯಾಗಿ ಅರೆದು ತಿನ್ನುವುದು ನನಗೆ ಒಪ್ಪಿಗೆ ಇಲ್ಲ. ಅಷ್ಟೇ ಅಲ್ಲ, ಬಚ್ಚಲ ಹಿಂದೆ ಇಲಿ, ನಾಯಿ, ದನ ಎಲ್ಲವೂ ಓಡಾಡುತ್ತವೆ. ಮಳೆಗಾಲದಲ್ಲಿ ಇಲಿಜ್ವರ ಹರಡುವುದು ಇಲಿ, ದನಗಳ ಮೂತ್ರ ಸೇರಿದ ನೀರು, ಮಣ್ಣಿನಿಂದ. ನೆಲಕ್ಕೆ ಅಂಟಿಕೊಂಡು ಬೆಳೆಯುವ ಸೊಪ್ಪಿನ ವಿಷಯದಲ್ಲಿ ಈ ಭಯ ಇಟ್ಟುಕೊಂಡರೆ ಒಳ್ಳೆಯದು.

ಅದಕ್ಕೆ ನಾನು ಮಾಡಿಕೊಂಡ ದಾರಿ ಹೇಳುತ್ತೇನೆ. ಮೀನು ಅಥವಾ ತರಕಾರಿ ತರುವ ಪ್ಲಾಸ್ಟಿಕ್ ಕ್ರೇಟ್ ಒಂದು ಬೇಕು. ಒಳಗೆ ಅಡಿಕೆ ಹಾಳೆ ಹಾಸಿ, ಹಾಳೆಗೆ ಅಲ್ಲಲ್ಲಿ ತೂತು ಮಾಡಿ, ಮಣ್ಣು ಗೊಬ್ಬರ ತುಂಬಿ, ನೆಲದಿಂದ ಎರಡು ಅಡಿ ಎತ್ತರದ ಕಟ್ಟೆಯ ಮೇಲೆ ಇಟ್ಟು, ಬೆಳಗಿನ ಬಿಸಿಲು ಮಾತ್ರ ಬೀಳುವ ಕಡೆ ಒಂದೆಲಗ ನೆಟ್ಟರೆ ಬೇಸಿಗೆಯಲ್ಲಿ ದಿನಕ್ಕೆ ಎರಡು ತಂಬಿಗೆ ನೀರಿನಲ್ಲಿ ಅದು ಬದುಕುತ್ತದೆ. ಹಾಳೆ ಒಂದು ವರ್ಷದಲ್ಲಿ ಕರಗಿ ಗೊಬ್ಬರ ಆಗುತ್ತದೆ, ಮತ್ತೆ ಹೊಸ ಹಾಳೆ. ಮಾರ್ಚ್‌ನಿಂದ ಮೇವರೆಗೆ ಮಣ್ಣಿನ ಮೇಲೆ ಎರಡು ಬೆರಳು ದಪ್ಪ ದರಕು (ಒಣ ಎಲೆ) ಹರಡಿ. ಕೊಯ್ಯುವಾಗ ಎಲೆಯನ್ನು ತೊಟ್ಟಿನ ಸಮೇತ ಕತ್ತರಿಸಿ, ಬಳ್ಳಿಯನ್ನು ಎಳೆಯಬೇಡಿ. ಎಳೆದರೆ ಮುಂದಿನ ಮೂರು ಗೆಣ್ಣಿನ ಬೇರು ಕಿತ್ತು ಬರುತ್ತದೆ.

ತಂಬುಳಿ ಮಾಡುವ ಕ್ರಮ ಕೇಳಿದ ಕಿರಿಯರಿಗಾಗಿ: ಒಂದು ಹಿಡಿ ಎಲೆ ತೊಳೆದು, ತುಪ್ಪದಲ್ಲಿ ಹುರಿದ ಜೀರಿಗೆ, ನಾಲ್ಕು ಕಾಳುಮೆಣಸು, ಕಾಯಿತುರಿ ಸೇರಿಸಿ ನುಣ್ಣಗೆ ಅರೆದು, ಮಜ್ಜಿಗೆಗೆ ಬೆರೆಸಿ, ಉಪ್ಪು ಹಾಕಿ. ದೊಡ್ಡಪತ್ರೆ ಆದರೆ ಎಲೆಯನ್ನೂ ತುಪ್ಪದಲ್ಲಿ ಬಾಡಿಸಿಕೊಳ್ಳಿ, ಇಲ್ಲದಿದ್ದರೆ ಘಾಟು.

ಪ್ರಶ್ನೆ: ಸಿದ್ದಾಪುರ ತಾಲ್ಲೂಕು. ಅಡಿಕೆ ತೋಟಕ್ಕೆ ಕೊಳೆ ರೋಗದ ಔಷಧಿ ಹೊಡೆಯುವಾಗ ಗಾಳಿಗೆ ಹನಿ ಹಾರಿ ಅಂಗಳದ ತುಳಸಿ, ಚಕ್ರಮುನಿ, ದೊಡ್ಡಪತ್ರೆ ಮೇಲೆಲ್ಲ ಬಿತ್ತು. ತೊಳೆದು ತಿನ್ನಬಹುದಾ?

ಬೇಡ. ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣ ಮಾಡಿರುವುದೇ ಮಳೆಗೆ ತೊಳೆದು ಹೋಗಬಾರದು ಅಂತ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಮೇಲಿಂದ ಅಂಟಿಕೊಳ್ಳಲಿ ಅಂತ ರಾಳದ ಅಂಟು ಬೇರೆ. ಆಷಾಢದ ಮಳೆಯಲ್ಲೇ ಅಡಿಕೆ ಗೊನೆಯಿಂದ ಬಿಡದ್ದು ನಮ್ಮ ನಲ್ಲಿ ನೀರಿಗೆ ಎಲೆಯಿಂದ ಪೂರ್ತಿ ಬಿಡುತ್ತದೆಯೇ? ದೊಡ್ಡಪತ್ರೆ ಎಲೆಯ ಮೇಲೆ ರೋಮ ಇರುವುದರಿಂದ ಅಲ್ಲಿ ಇನ್ನೂ ಗಟ್ಟಿಯಾಗಿ ಕೂರುತ್ತದೆ.

ನೀಲಿ ಕಲೆ ಬಿದ್ದ ಎಲೆಗಳನ್ನೆಲ್ಲ ಕತ್ತರಿಸಿ, ಹಸುವಿಗೂ ಹಾಕದೆ, ಒಂದು ಗುಂಡಿಯಲ್ಲಿ ಹೂಳಿ. ಮೂರೂ ಗಿಡ ಚಿಗುರುವ ಜಾತಿಯವು. ಆಮೇಲೆ ಬಂದ ಹೊಸ ಚಿಗುರನ್ನು ತೊಳೆದು ತಿನ್ನಬಹುದು, ಗಿಡ ಕಿತ್ತು ಎಸೆಯುವ ಅಗತ್ಯ ಇಲ್ಲ. ಮುಂದಿನ ಸಲ ಹೊಡೆಯುವ ದಿನ ಬೆಳಿಗ್ಗೆಯೇ ಕುಂಡಗಳನ್ನು ಜಗುಲಿಗೆ ಎತ್ತಿಡಿ, ನೆಲದ ಗಿಡಕ್ಕೆ ತಾಡಪಾಲು ಮುಚ್ಚಿ, ಬಾವಿಗೂ ಮುಚ್ಚಿ. ನಲವತ್ತು ನಲವತ್ತೈದು ದಿನ ಬಿಟ್ಟು ಎರಡನೇ ಸಲ ಹೊಡೆಯುತ್ತೀರಲ್ಲ, ಆಗಲೂ ಮರೆಯಬೇಡಿ. ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಧನ್ಯವಾದ. ನಮ್ಮ ಊರುಗಳಲ್ಲಿ ತೋಟ ಮನೆಗೆ ಅಂಟಿಕೊಂಡೇ ಇರುತ್ತದೆ, ಅಂಗಳದ ಸೊಪ್ಪನ್ನು ಆ ದಿನ ಯಾರೂ ನೆನಪಿಸಿಕೊಳ್ಳುವುದಿಲ್ಲ.

ಪ್ರಶ್ನೆ: ಚಕ್ರಮುನಿ ಸೊಪ್ಪಿನ ಹಸಿ ಜ್ಯೂಸ್ ದಿನಾ ಕುಡಿದರೆ ತೂಕ ಇಳಿಯುತ್ತದೆ ಅಂತ ಗೆಳತಿ ಹೇಳಿದಳು. ನಮ್ಮ ಬೇಲಿಯಲ್ಲಿ ಬೇಕಾದಷ್ಟಿದೆ. (ಅಂಕೋಲಾ)

ದಯವಿಟ್ಟು ಕುಡಿಯಬೇಡಿ. 1990ರ ದಶಕದ ಮಧ್ಯದಲ್ಲಿ ತೈವಾನ್‌ನಲ್ಲಿ ಇದೇ ಸೊಪ್ಪಿನ ಹಸಿ ರಸವನ್ನು ತೂಕ ಇಳಿಸಲು ವಾರಗಟ್ಟಲೆ ಕುಡಿದ ಹಲವರಿಗೆ ಶ್ವಾಸಕೋಶದ ಸಣ್ಣ ಗಾಳಿನಾಳಗಳು ಮುಚ್ಚಿಹೋದವು. ಅದು ವಾಸಿಯಾಗದ ಹಾನಿ, ಸತ್ತವರೂ ಇದ್ದಾರೆ. ಹಾಗಂತ ಬೇಲಿ ಕಡಿಯಬೇಡಿ. ಅಪರೂಪಕ್ಕೊಮ್ಮೆ ಒಂದು ಹಿಡಿ ಬೇಯಿಸಿ ಪಲ್ಯಕ್ಕೋ ಸಾರಿಗೋ ಹಾಕುವುದು ನಮ್ಮ ಮನೆಗಳ ಅಡುಗೆ. ದಿನಾ, ಹಸಿಯಾಗಿ, ಲೋಟಗಟ್ಟಲೆ ಅನ್ನುವುದು ನಮ್ಮ ಅಡುಗೆಮನೆಯಲ್ಲಿ ಯಾವತ್ತೂ ಇರಲಿಲ್ಲ. ಮನೆಯಲ್ಲೇ ಬೆಳೆದದ್ದು ಅಂದ ಮಾತ್ರಕ್ಕೆ ಎಷ್ಟು ತಿಂದರೂ ಆಗುತ್ತದೆ ಅಂತಲ್ಲ. ಗೆಳತಿ ಈಗಾಗಲೇ ಕುಡಿಯುತ್ತಿದ್ದು, ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿದ್ದರೆ ಕೂಡಲೇ ನಿಲ್ಲಿಸಿ ಡಾಕ್ಟರಿಗೆ ತೋರಿಸಲಿ, ಸೊಪ್ಪಿನ ವಿಷಯವನ್ನೂ ಹೇಳಲಿ.

ಪ್ರಶ್ನೆ: ಕೊತ್ತಂಬರಿ ಬೀಜ ಜುಲೈನಲ್ಲಿ ಮೂರು ಸಲ ಹಾಕಿದೆ. ಮೂರು ಸಲವೂ ಹುಟ್ಟಲಿಲ್ಲ. (ಕುಮಟಾ)

ಜುಲೈನಲ್ಲಿ ಬೇಡ. ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಹಾಕಿ. ಬೀಜವನ್ನು ಚಪ್ಪಲಿ ಅಡಿ ಉಜ್ಜುವವರಿದ್ದಾರೆ, ಅದಕ್ಕಿಂತ ಲಟ್ಟಣಿಗೆಯಲ್ಲಿ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಬಿತ್ತಿ. ಹತ್ತು ದಿನದ ಆಸುಪಾಸಿನಲ್ಲಿ ಮೊಳಕೆ, ನಲವತ್ತು ದಿನಕ್ಕೆ ಸೊಪ್ಪು. ಮಳೆಗಾಲದಲ್ಲಿ ಆ ಪರಿಮಳ ಬೇಕೇ ಬೇಕು ಅನ್ನುವುದಾದರೆ ಕಾಡುಕೊತ್ತಂಬರಿ ನೆಡಿ. ಉದ್ದ ಎಲೆ, ಅಂಚಿಗೆ ಸಣ್ಣ ಮುಳ್ಳು. ನೆರಳು, ತೇವ ಎರಡೂ ಅದಕ್ಕೆ ಇಷ್ಟ. ನಮ್ಮ ಮಳೆಗೆ ಹೇಳಿ ಮಾಡಿಸಿದ ಗಿಡ. ವಾಸನೆ ಸ್ವಲ್ಪ ಜೋರು, ಎರಡು ಎಲೆ ಸಾಕು.

ಪ್ರಶ್ನೆ: ಕರಿಬೇವಿನ ಎಲೆಗಳನ್ನು ಹಕ್ಕಿ ಹಿಕ್ಕೆಯ ಹಾಗೆ ಕಾಣುವ ಹುಳುಗಳು ತಿಂದು ಮುಗಿಸುತ್ತಿವೆ. ಮುಟ್ಟಿದರೆ ತಲೆಯಿಂದ ಕವಲು ಕೊಂಬು ಹೊರಗೆ ಬಂದು ಕೆಟ್ಟ ವಾಸನೆ. ಏನು ಹೊಡೆಯಲಿ? (ಹೊನ್ನಾವರ)

ಏನೂ ಹೊಡೆಯಬೇಡಿ. ಅವು ದೊಡ್ಡ ಕಪ್ಪು ಚಿಟ್ಟೆಗಳ ಮರಿಗಳು. ಆ ಜಾತಿಯ ಚಿಟ್ಟೆಗಳು ನಿಂಬೆ, ಕರಿಬೇವಿನ ಕುಟುಂಬದ ಗಿಡಗಳ ಮೇಲೆಯೇ ಮೊಟ್ಟೆ ಇಡುತ್ತವೆ, ಬೇರೆ ಊಟ ಆ ಮರಿಗಳಿಗೆ ಇಲ್ಲ. ಇನ್ನು ಕೆಲವು ದಿನದಲ್ಲಿ ಹಸಿರು ಬಣ್ಣಕ್ಕೆ ತಿರುಗಿ, ಗೂಡಾಗಿ, ಹಾರಿ ಹೋಗುತ್ತವೆ. ಆಳೆತ್ತರದ ಗಿಡವಾದರೆ ಅಷ್ಟು ತಿಂದದ್ದರಿಂದ ಏನೂ ಆಗುವುದಿಲ್ಲ, ಮತ್ತೆ ಚಿಗುರುತ್ತದೆ. ಮೊಣಕಾಲೆತ್ತರದ ಸಸಿಯಾದರೆ ಮಾತ್ರ ಹುಳುಗಳನ್ನು ಎಲೆ ಸಮೇತ ಎತ್ತಿ ಹಿತ್ತಿಲ ನಿಂಬೆ ಗಿಡಕ್ಕೆ ಬಿಡಿ. ಸೊಪ್ಪಿನ ಗಿಡಕ್ಕೆ ಕೀಟನಾಶಕ ಹೊಡೆದು ಆಮೇಲೆ ಒಗ್ಗರಣೆಗೆ ಹಾಕುವುದು ಯಾವ ಲೆಕ್ಕ?

ಹೊಸ ಸಸಿ ಮಾಡುವುದಾದರೆ ಒಳ್ಳೆ ಪರಿಮಳದ ಮರದ ಕಪ್ಪು ಹಣ್ಣು ಆರಿಸಿ, ತಿರುಳು ತೆಗೆದು ವಾರದೊಳಗೆ ಬಿತ್ತಿ. ಒಣಗಿಸಿ ಇಟ್ಟರೆ ಹುಟ್ಟುವುದಿಲ್ಲ. ನಮ್ಮ ಜಿಲ್ಲೆಯದೇ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿದು, 2021ರಲ್ಲಿ ಬರಿಗಾಲಲ್ಲಿ ಹೋಗಿ ಪದ್ಮಶ್ರೀ ಪಡೆದು ಬಂದರಲ್ಲ, ಅವರ ದೊಡ್ಡ ವಿದ್ಯೆಯೇ ಕಾಡಿನಲ್ಲಿ ಬೀಜಕ್ಕೆ ತಾಯಿ ಮರ ಯಾವುದು ಅಂತ ಗುರುತಿಸುವುದಾಗಿತ್ತು. ಒಂದು ಕರಿಬೇವಿನ ಸಸಿಗೂ ಅದೇ ಕಣ್ಣು ಬೇಕು.

ಪ್ರಶ್ನೆ: ಗೋಣಿಚೀಲದಲ್ಲಿ ಶುಂಠಿ ಹಾಕಿದ್ದೆ. ಆಗಸ್ಟ್‌ಗೆ ಎಲೆ ಹಳದಿಯಾಗಿ, ಕಾಂಡ ಎಳೆದರೆ ಕೈಗೇ ಬಂತು. ಬುಡ ಲೋಳೆ. (ಬನವಾಸಿ)

ಇದು ಗಡ್ಡೆ ಕೊಳೆ ರೋಗ. ಒದ್ದೆ ಮಣ್ಣಿನಲ್ಲಿ ಬದುಕುವ ಪಿಥಿಯಂ ಅನ್ನುವ ಶಿಲೀಂಧ್ರದಂಥ ಜೀವಿ ಇದಕ್ಕೆ ಕಾರಣ. ಲೋಳೆಯಾದ ಬುಡ ಮತ್ತೆ ಸರಿ ಹೋಗುವುದಿಲ್ಲ. ಆ ಚೀಲವನ್ನು ಉಳಿದವುಗಳಿಂದ ದೂರ ಸಾಗಿಸಿ, ಆ ಮಣ್ಣಿನಲ್ಲಿ ಮುಂದೆ ಶುಂಠಿ, ಅರಿಶಿನ ಎರಡೂ ಹಾಕಬೇಡಿ. ಬದನೆ, ಮೆಣಸಿನ ಗಿಡವೂ ಬೇಡ, ಅದರ ಬದಲು ತೆಂಗಿನ ಬುಡಕ್ಕೆ ಸುರಿಯಿರಿ. ನಿಮ್ಮ ಬನವಾಸಿ ಕಡೆ ಗದ್ದೆಯಲ್ಲಿ ಶುಂಠಿ ಬೆಳೆಯುವವರು ಒಮ್ಮೆ ಹಾಕಿದ ಗದ್ದೆಗೆ ಬೆನ್ನಿಗೇ ಮತ್ತೆ ಹಾಕುವುದಿಲ್ಲ, ಕೇಳಿ ನೋಡಿ.

ಮುಂದಿನ ವರ್ಷಕ್ಕೆ: ರೋಗ ಕಾಣದ ಮನೆಯಿಂದ ಬಿತ್ತನೆ ತನ್ನಿ. ಒಂದೆರಡು ಕಣ್ಣಿರುವ 20ರಿಂದ 25 ಗ್ರಾಂ ತುಂಡು ಮಾಡಿ, ಕತ್ತರಿಸಿದ ಭಾಗ ನೆರಳಲ್ಲಿ ಒಣಗಲಿ. ಮೇ ಮಧ್ಯದ ಹೊತ್ತಿಗೆ, ಮೊದಲ ಮಳೆಯ ಹದಕ್ಕೆ ನೆಡಿ, ಆಷಾಢದ ಜಡಿಮಳೆಗೆ ಗಿಡ ಗಟ್ಟಿಯಾಗಿರಬೇಕು. ಗೊಬ್ಬರಕ್ಕೆ ಟ್ರೈಕೋಡರ್ಮಾ (ಕೊಳೆ ರೋಗ ತಡೆಯುವ ಒಳ್ಳೆ ಶಿಲೀಂಧ್ರ) ಬೆರೆಸಿ ವಾರ ಬಿಟ್ಟು ಬಳಸಿ. ಚೀಲದ ತಳಕ್ಕೂ ಪಕ್ಕಕ್ಕೂ ತೂತು ಇರಲಿ, ಮೇಲೆ ಹಸಿರು ಸೊಪ್ಪು ದಪ್ಪಕ್ಕೆ ಮುಚ್ಚಿ, ಮಳೆಯ ಹೊಡೆತಕ್ಕೆ ಮಣ್ಣು ಗಟ್ಟಿಯಾಗುವುದಿಲ್ಲ. ನಾನೂ ಒಂದು ವರ್ಷ ಹತ್ತು ಚೀಲದಲ್ಲಿ ಏಳು ಕಳೆದುಕೊಂಡಿದ್ದೇನೆ. ಉಳಿದ ಮೂರೂ ಇಳಿಜಾರಿನ ಮೇಲಿದ್ದವು.

ಪ್ರಶ್ನೆ: ಬಸವನಹುಳು! ಉಪ್ಪು ಹಾಕಿ ಸಾಕಾಯಿತು. (ಯಲ್ಲಾಪುರ)

ಗಿಡದ ಬುಡಕ್ಕೆ ಉಪ್ಪು ಹಾಕಬೇಡಿ, ಹುಳುವಿಗಿಂತ ಮೊದಲು ಗಿಡ ಸಾಯುತ್ತದೆ. ಸಂಜೆ ಒದ್ದೆ ಗೋಣಿಯೋ ಪಪ್ಪಾಯಿ ಎಲೆಯೋ ಹಾಸಿಡಿ. ರಾತ್ರಿ ಎಂಟು ಗಂಟೆ ಮೇಲೆ ಟಾರ್ಚ್ ಹಿಡಿದು ಹೋಗಿ, ಅದರ ಅಡಿ ಸೇರಿದ್ದನ್ನು ಕೈಗೆ ಚೀಲ ಕಟ್ಟಿಕೊಂಡು ಆರಿಸಿ ಉಪ್ಪು ನೀರಿನ ಬಕೆಟ್ಟಿಗೆ ಹಾಕಿ. ಬರಿಗೈ ಬೇಡ, ಕೆಲವು ಬಸವನಹುಳುಗಳಲ್ಲಿ ಮನುಷ್ಯರ ಮಿದುಳಿಗೆ ತೊಂದರೆ ಕೊಡುವ ಸಣ್ಣ ಜಂತು ಇರುತ್ತದೆ. ಅವು ಹರಿದಾಡಿದ ಸೊಪ್ಪನ್ನು ಮಳೆಗಾಲದಲ್ಲಿ ಹಸಿಯಾಗಿ ತಿನ್ನದೆ ಬೇಯಿಸಿಯೇ ತಿನ್ನಿ. ಎರಡು ವಾರ ಬಿಡದೆ ಆರಿಸಿದರೆ ಕಡಿಮೆಯಾಗುವುದು ಕಣ್ಣಿಗೇ ಕಾಣುತ್ತದೆ.

ಪ್ರಶ್ನೆ: ಅಮ್ಮನಿಗೆ 74 ವರ್ಷ. ಶಿರಸಿ ಕಡೆಯ ಹಳೆ ಮನೆ ಬಿಟ್ಟು ಕಾರವಾರಕ್ಕೆ ನಮ್ಮ ಹತ್ತಿರ ಬರುತ್ತಿದ್ದಾರೆ. ಬೇರೇನೂ ಬೇಡ, ಹಿತ್ತಿಲ ಗಿಡ ಬೇಕು ಅನ್ನುತ್ತಾರೆ. ಹೇಗೆ ತರಲಿ?

ತನ್ನಿ, ಖಂಡಿತ ತನ್ನಿ. ಎಲ್ಲವನ್ನೂ ಬೇರು ಸಮೇತ ಅಗೆಯುವ ಅಗತ್ಯ ಇಲ್ಲ. ದೊಡ್ಡಪತ್ರೆಯ ಗೇಣುದ್ದದ ಕಡ್ಡಿ ಸಾಕು, ಕತ್ತರಿಸಿ ಒಂದು ದಿನ ಒಣಗಲು ಬಿಡಿ, ಒದ್ದೆ ಮಾಡಬೇಡಿ. ಮಜ್ಜಿಗೆ ಹುಲ್ಲು, ಲಾವಂಚದ ಬುಡದಿಂದ ನಾಲ್ಕು ಹಿಳ್ಳು ಬಿಡಿಸಿ, ಎಲೆಯನ್ನು ಗೇಣಿಗೆ ಕತ್ತರಿಸಿ. ಒಂದೆಲಗದ ಬೇರು ಬಿಟ್ಟ ಗೆಣ್ಣುಗಳನ್ನು ಮಣ್ಣಿನ ಮುದ್ದೆ ಸಮೇತ ಬಾಳೆಪಟ್ಟೆಯಲ್ಲಿ ಸುತ್ತಿ. ಕರಿಬೇವಿನ ದೊಡ್ಡ ಮರ ಬರುವುದಿಲ್ಲ, ಆದರೆ ಬೇರಿನಿಂದ ಎದ್ದ ಮರಿ ಸಸಿಗಳು ಸುತ್ತ ಇರುತ್ತವೆ, ಒಂದನ್ನು ತಿಂಗಳು ಮೊದಲೇ ತಾಯಿ ಬೇರಿನಿಂದ ಕತ್ತರಿಸಿ ಅಲ್ಲೇ ಬಿಟ್ಟು, ಹೊಸ ಬೇರು ಬಂದ ಮೇಲೆ ಎತ್ತಿ. ಅರಿಶಿನದ ಗಡ್ಡೆ ಮರೆಯಬೇಡಿ, ಶ್ರಾವಣದಲ್ಲಿ ಕಡುಬಿಗೆ ಎಲೆ ಬೇಕು ಅಂತ ಅಮ್ಮ ಕೇಳಿಯೇ ಕೇಳುತ್ತಾರೆ.

ಬರುವ ಹೊತ್ತು ಮೃಗಶಿರಾ ಮಳೆ ಹಿಡಿದ ಮೇಲೆ, ಅಂದರೆ ಜೂನ್ ಎರಡನೇ ವಾರ ಇರಲಿ. ಬಿಸಿಲಿನಲ್ಲಿ ದೇವಿಮನೆ ಘಟ್ಟ ಇಳಿದು ಕಾರವಾರ ಮುಟ್ಟುವಷ್ಟರಲ್ಲಿ ಕಾರಿನ ಡಿಕ್ಕಿಯಲ್ಲಿ ಗಿಡ ಬೆಂದುಹೋಗುತ್ತದೆ. ಡಿಕ್ಕಿ ಬೇಡ, ಕಾಲ ಬುಡದಲ್ಲಿ ಇಡಿ. ಕಾರವಾರ ತಲುಪಿದ ಮೇಲೆ ಹದಿನೈದು ದಿನ ಸಮುದ್ರದ ಗಾಳಿ ನೇರ ತಾಗದ ಕಡೆ ನೆರಳಿನಲ್ಲಿ ಇರಲಿ. ಹಳೆ ಹಿತ್ತಿಲ ಮಣ್ಣು ಎರಡು ಬುಟ್ಟಿ ಜೊತೆಗೆ ತಂದು ಹೊಸ ಕುಂಡಗಳಿಗೆ ಬೆರೆಸಿ. ಕುಂಡಗಳನ್ನು ಅಮ್ಮನ ಸೊಂಟದ ಎತ್ತರಕ್ಕೆ ಕಟ್ಟೆ ಮಾಡಿ ಇಡಿ, ಬಗ್ಗದೆ ಕೊಯ್ಯುವ ಹಾಗೆ. ಯಾವುದು ಎಲ್ಲಿ ಅಂತ ಅವರೇ ಹೇಳಲಿ, ನೀವು ಹೊತ್ತು ಇಡಿ.